ಮೂಗರ್ಜಿ

ಮೇಲೆ ಊರಿಲ್ಲದೆ, ಕೆಳಗೆ ರುಜುವಿಲ್ಲದೆ ಅಧಿಕಾರಿಗಳ ಮೇಜನ್ನು ಸೇರುವ ಕಾಗದಕ್ಕೆ ಕನ್ನಡದಲ್ಲಿ ಮೂಗರ್ಜಿಯೆಂದು ಹೆಸರು. ಈ ಪದವನ್ನು ಮೊದಲು ಬಳಸಿದ ಪುಣ್ಯಾತ್ಮನು ಯಾರೋ ತಿಳಿಯದು; ಅವನೂ ತನ್ನ ಹೆಸರನ್ನು ಹೇಳದೆಯೇ ಹೋದನು. ಮೂಗನಿಗೆ ಮಾತು ಬಾರದು. ಆದರೆ ಮೂಗರ್ಜಿಯಷ್ಟು ಮಾತನಾಡುವ ವಸ್ತುವು ಕಚೇರಿಗಳಲ್ಲಿ ಮತ್ತೊಂದಿಲ್ಲ. ಅದು ಒಮ್ಮೆ ಕಡತವನ್ನು ಹೊಕ್ಕಿತೆಂದರೆ ಎಷ್ಟೋ ಕಾಲ ಒಳಗಿನಿಂದಲೇ ನುಡಿಯುತ್ತಿರುವುದು.

ದಾವಣಗೆರೆಯ ಹಳೆಯ ಪೇಟೆಯಲ್ಲಿ, ಈಗಲೂ ನೀರೊಲೆಯ ಮೇಲೆ ಹಂಡೆಯನ್ನಿಟ್ಟು ಸ್ನಾನಕ್ಕೆ ನೀರು ಕಾಯಿಸುವ ಕೆಲವೇ ಮನೆಗಳಲ್ಲೊಂದರಲ್ಲಿ, ವಾಸವಾಗಿರುವ ನಿವೃತ್ತ ಕನ್ನಡ ಉಪಾಧ್ಯಾಯರೊಬ್ಬರಿಗೆ ಈ ಪದವನ್ನು ಕೇಳಿದರೆ ಇಂದಿಗೂ ಊಟ ರುಚಿಸದು. ನೌಕರಿಯಲ್ಲಿದ್ದಾಗ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಅವರ ಮೇಲೆ ಒಂದು ಮೂಗರ್ಜಿ ಹೋಯಿತು. ಬಡಮಕ್ಕಳ ವಿದ್ಯಾರ್ಥಿವೇತನದಲ್ಲಿ ಇವರು ಇಷ್ಟು ರೂಪಾಯಿಗಳನ್ನು ನುಂಗಿದ್ದಾರೆಂಬುದೇ ಅದರ ಒಕ್ಕಣೆ. ವಿಚಾರಣೆಯು ಹದಿನಾಲ್ಕು ತಿಂಗಳು ನಡೆಯಿತು. ಲೆಕ್ಕದ ಪುಸ್ತಕಗಳೆಲ್ಲವೂ ಸರಿಯಾಗಿದ್ದುವು. ಕಡೆಗೆ ಆರೋಪವು ಸುಳ್ಳೆಂದು ತೀರ್ಮಾನವಾಯಿತು. ಆದರೆ ಆ ತೀರ್ಮಾನವು ಬರುವುದಕ್ಕೆ ಎರಡು ತಿಂಗಳ ಮೊದಲೇ ಅವರ ತಾಯಿಯವರು ತೀರಿಕೊಂಡರು. ಆಕೆಗೆ ಓದುಬರಹವಿಲ್ಲ. ಹಾಸಿಗೆ ಹಿಡಿದ ಮೇಲೆ, ಮಗನು ಶಾಲೆಯಿಂದ ಬಂದು ಕೊಡೆಯನ್ನು ಗೂಟಕ್ಕೆ ತೂಗುಹಾಕುವುದನ್ನೇ ಕಾದಿದ್ದು, "ಆ ಕಾಗದದ ವಿಷಯ ಏನಾಯ್ತಪ್ಪಾ?" ಎಂದು ದಿನವೂ ಕೇಳುತ್ತಿದ್ದರು. "ಇನ್ನೂ ಏನೂ ಬಂದಿಲ್ಲವ್ವ" ಎಂಬ ಉತ್ತರವನ್ನೇ ಕೇಳಿಕೊಂಡು ಹೋದರು. ಆ ಕಾಗದವನ್ನು ಬರೆದವರು ಯಾರೆಂಬುದು ಉಪಾಧ್ಯಾಯರಿಗೆ ಈವರೆಗೂ ತಿಳಿದಿಲ್ಲ.

1999ರ ಜೂನ್ 29ರಂದು ಕೇಂದ್ರ ಜಾಗೃತ ಆಯೋಗವು, ಹೆಸರಿಲ್ಲದ ಅಥವಾ ಹುಸಿಹೆಸರಿನ ದೂರುಗಳ ಮೇಲೆ ಯಾವ ಕ್ರಮವನ್ನೂ ಕೈಕೊಳ್ಳಬಾರದೆಂದು ಸುತ್ತೋಲೆಯನ್ನು ಹೊರಡಿಸಿತಷ್ಟೆ. ಆ ಸುದ್ದಿಯನ್ನು ಓದಿದ ದಿನ ಅವರು ಮನೆಯಲ್ಲಿ ಪಾಯಸವನ್ನು ಮಾಡಿಸಿದರು. ಸುತ್ತೋಲೆಯು ಕೇಂದ್ರದ ಇಲಾಖೆಗಳಿಗೇ ಹೊರತು ತಮ್ಮಂತಹ ರಾಜ್ಯದ ನೌಕರರಿಗೆ ಅನ್ವಯಿಸದೆಂಬುದು ಗೊತ್ತಿದ್ದೂ ಮಾಡಿಸಿದರು.

ಇವರ ಹಳೆಯ ಸ್ನೇಹಿತರೊಬ್ಬರು ಹದಿನಾಲ್ಕು ಕಿಲೋಮೀಟರು ದೂರದ ಹರಿಹರದಲ್ಲಿದ್ದಾರೆ. 1941ರಲ್ಲಿ ಅಲ್ಲಿ ಸ್ಥಾಪಿತವಾಗಿ, ಲೇತುಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳುಹಿಸಿ, ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಅವರು ಬಹುಕಾಲ ಟರ್ನರ್ ಆಗಿ, ಆಮೇಲೆ ಮೇಸ್ತ್ರಿಯಾಗಿ ದುಡಿದವರು. ಒಬ್ಬರು ಮೇಷ್ಟ್ರು, ಮತ್ತೊಬ್ಬರು ಮೇಸ್ತ್ರಿ. ಒಂದು ಪದವು ಇಂಗ್ಲಿಷಿನಿಂದಲೂ ಮತ್ತೊಂದು ಪೋರ್ಚುಗೀಸಿನಿಂದಲೂ ಬಂದುವಾದರೂ ಎರಡಕ್ಕೂ ಲ್ಯಾಟಿನಿನ ತಾಯಿ ಒಬ್ಬಳೇ. ಬಿಳಿಯ ಅಂಗಿಯವನಿಗೂ ಎಣ್ಣೆಯ ಅಂಗಿಯವನಿಗೂ ಇಷ್ಟಾದರೂ ನಂಟಿದೆಯೆಂದು ಉಪಾಧ್ಯಾಯರು ಹೇಳಿ ನಗುವುದುಂಟು. ಮೇಸ್ತ್ರಿಗಳ ಓದು ಏಳನೆಯ ತರಗತಿಗೆ ನಿಂತಿತು. ಆದರೆ ಅವರು ಪುಸ್ತಕವನ್ನು ಓದುವ ಬಗೆಯನ್ನು ನೋಡಿದರೆ, ತಪ್ಪು ಎಲ್ಲಿದೆಯೆಂದು ಬೆರಳಿನಿಂದ ಸವರಿ ನೋಡುತ್ತಿರುವರೋ ಎಂದು ತೋರುವುದು.

ಇಬ್ಬರೂ ಎರಡು ಊರುಗಳ ಓದುಗರ ಒಂದು ಕೂಟಕ್ಕೆ ಸೇರಿದವರು. 2020ರಲ್ಲಿ ಲಾಕ್‌ಡೌನ್ ಬಂದು ಮನೆಯಿಂದ ಹೊರಡುವುದು ನಿಂತಾಗ ಕೂಟವೂ ಮೊಬೈಲಿನೊಳಕ್ಕೆ ಸೇರಿತು. ಮೊದಲು ವಾಟ್ಸಾಪಿನಲ್ಲಿ, ಅನಂತರ ಟೆಲಿಗ್ರಾಂನಲ್ಲಿ. ಸರ್ಕಾರದ ತಂತಿಯ ಸೇವೆಯು 2013ರ ಜುಲೈ ತಿಂಗಳಲ್ಲಿ ನಿಂತುಹೋದಾಗ, ಸಾವಿನ ಸುದ್ದಿಯನ್ನೂ ಮದುವೆಯ ಹರಕೆಯನ್ನೂ ಹೊತ್ತು ತರುತ್ತಿದ್ದ ಆ ಪದವು ಇನ್ನು ನಿಘಂಟಿನ ಪಾಲೆಂದುಕೊಂಡವರಿಗೆ, ಅದೇ ಹೆಸರು ಅಂಗೈಯಲ್ಲಿ ಪುನಃ ಹುಟ್ಟಿದುದು ಸೋಜಿಗವೇ ಸರಿ. ಅದರಲ್ಲಿ ಒಂದು ಅನುಕೂಲವಿತ್ತು. ತನ್ನ ಫೋನ್ ನಂಬರು ಇತರರಿಗೆ ಕಾಣದಂತೆ, ಇಷ್ಟಬಂದ ಹೆಸರನ್ನಿಟ್ಟುಕೊಂಡು ಇರಬಹುದಾಗಿತ್ತು. ಸದಸ್ಯರು ಬರೆದುದು ಮೊದಲು ಉಪಾಧ್ಯಾಯರಿಗೆ ಬರುವುದು, ಅವರು ಕಾಗುಣಿತವನ್ನು ತಿದ್ದಿ ಎಲ್ಲರಿಗೂ ಹಾಕುವುದು, ಹೀಗೆ ಏರ್ಪಾಟಾಯಿತು. ಕಾವ್ಯನಾಮಕ್ಕೆ ಅಡ್ಡಿಯಿಲ್ಲ, ಆದರೆ ನಿಜವಾದ ಹೆಸರನ್ನೂ ವಿಳಾಸವನ್ನೂ ತಮಗೊಬ್ಬರಿಗೆ ತಿಳಿಸಬೇಕೆಂದು ಅವರು ವಿಧಿಸಿದರು. ನೂರು ಹಾಳೆಯ ರೂಲು ಪುಸ್ತಕವೊಂದರಲ್ಲಿ ಎಡಗಡೆ ಕಾವ್ಯನಾಮ, ಬಲಗಡೆ ನಿಜನಾಮ, ಕೆಂಪು ಗೆರೆ ಎಳೆದು ಬರೆದಿಟ್ಟರು. ಅವರ ಮೇಲೆ ಬಂದ ಆ ಕಾಗದವನ್ನು ನೆನೆದರೆ ಈ ಎಚ್ಚರಿಕೆಯನ್ನು ಯಾರೂ ತಪ್ಪೆನ್ನಲಾರರು.

ಈ ಪುಸ್ತಕದಲ್ಲಿ 'ಕುಂದವಾಡದ ಕೊಕ್ಕರೆ' ಎಂದೊಂದು ಹೆಸರಿತ್ತು. ಬಲಗಡೆಯ ಹೆಸರು ಉಪಾಧ್ಯಾಯರ ಹಳೆಯ ಶಿಷ್ಯೆಯೊಬ್ಬಳದು. ಆಕೆಯು ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷಗಳಿಂದ ಪಾಠ ಹೇಳುತ್ತಿದ್ದಳು. ಮೊದಲು ಕೆರೆಯ ಹಕ್ಕಿಗಳ ಮೇಲೆ, ಬೆಳಗಿನ ವಿಹಾರದವರ ಮೇಲೆ ನಾಲ್ಕು ನಾಲ್ಕು ಸಾಲು ಬರೆಯುತ್ತಿದ್ದವಳು, ಒಂದು ದಿನ ಬೇರೆಯ ಸಂಗತಿಯನ್ನು ಕಳುಹಿದಳು. ಒಬ್ಬ ಉಪಾಧ್ಯಾಯಿನಿಯು ಪ್ರತಿ ತಿಂಗಳೂ ಒಂದು ಮೊತ್ತಕ್ಕೆ ರುಜು ಹಾಕಿ, ಅದಕ್ಕಿಂತ ಕಡಿಮೆಯಾದ ಮತ್ತೊಂದು ಮೊತ್ತವನ್ನು ಕೈಗೆ ಪಡೆಯುತ್ತಾಳೆ. ಮಕ್ಕಳಿಗೆ ಕಳೆಯುವ ಲೆಕ್ಕವನ್ನು ಹೇಳಿಕೊಡುವಾಗ ಕಪ್ಪುಹಲಗೆಯ ಮೇಲೆ ಅವಳ ಕೈ ತಾನಾಗಿ ಅದೇ ಎರಡು ಸಂಖ್ಯೆಗಳನ್ನು ಬರೆಯುತ್ತದೆ. ಇಷ್ಟೇ ಕಥೆ. ಶಾಲೆಯ ಹೆಸರಿಲ್ಲ, ಯಾರ ದೂಷಣೆಯೂ ಇಲ್ಲ. ಉಪಾಧ್ಯಾಯರು ಅದನ್ನು ಮೂರು ಸಲ ಓದಿ, ಒಂದು ಅಲ್ಪವಿರಾಮವನ್ನು ಸೇರಿಸಿ, ಹಾಕಿದರು.

ಆ ರಾತ್ರಿಯೇ ಗದ್ದಲವೆದ್ದಿತು. ಇದು ಯಾವ ಶಾಲೆ, ಬರೆದವರು ಯಾರು, ಧೈರ್ಯವಿದ್ದರೆ ಹೆಸರನ್ನು ಹೇಳಲಿ ಎಂದು ಕೆಲವರು ಕೇಳಿದರು. ಹೆಸರಿಲ್ಲದವನ ಮಾತಿಗೆ ಬೆಲೆಯಿಲ್ಲವೆಂದರು. ಹಾಗೆಂದವರೇ ಆ ಬೆಲೆಯಿಲ್ಲದ ಮಾತಿನ ಮೇಲೆ ನಡುರಾತ್ರಿಯವರೆಗೆ ಬರೆದರು. ಇತ್ತ ಕೊಕ್ಕರೆಗೆ ಬೇರೆ ಬೇರೆ ಶಾಲೆಗಳ ಹತ್ತು ಮಂದಿ ಗುಟ್ಟಾಗಿ ಬರೆದು, ಹಲಗೆಯ ಮೇಲಿನ ಸಂಖ್ಯೆಗಳು ತಮ್ಮವೂ ಹೌದೆಂದು ತಿಳಿಸಿದರು. ಕೂಟದ ಪಕ್ಕದಲ್ಲಿ ಹನ್ನೊಂದು ಮಂದಿಯ ಇನ್ನೊಂದು ಪುಟ್ಟ ಕೂಟವು ಹೀಗೆ ಯಾರೂ ಕರೆಯದೆಯೇ ಹುಟ್ಟಿತು.

ಆ ವಾರ ಉಪಾಧ್ಯಾಯರು ಬಸ್ಸನ್ನು ಹತ್ತಿ ಹರಿಹರಕ್ಕೆ ಹೋದರು. ಹರಿಹರೇಶ್ವರನ ಗುಡಿಗೆ ಹೋಗಿ, ಆಮೇಲೆ ತುಂಗಭದ್ರೆಯ ದಡದಲ್ಲಿ ಕುಳಿತುಕೊಳ್ಳುವುದು ಇಬ್ಬರಿಗೂ ರೂಢಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದ ಈ ಗುಡಿಯಲ್ಲಿ ಹರಿಯೂ ಹರನೂ ಒಂದೇ ಮೈಯಲ್ಲಿದ್ದಾರೆ. ಆದರೆ ಅದರ ಮುಂದೆ ಕುಳಿತು ವಾದ ಮಾಡಿದವರೆಲ್ಲರೂ ಒಮ್ಮತಕ್ಕೆ ಬಂದರೆಂದು ಎಲ್ಲಿಯೂ ಹೇಳಿಲ್ಲ.

ಹೊಳೆಯ ವಿಷಯದಲ್ಲಿ ಒಂದು ಮಾತು. 1956ರವರೆಗೆ ಈಚೆಯ ದಡವು ಮೈಸೂರಿನದು, ಆಚೆಯ ದಡವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯದು. 1908ರಲ್ಲಿ ಮೈಸೂರು ಸಂಸ್ಥಾನವು ವೃತ್ತಪತ್ರಿಕೆಗಳನ್ನು ಬಿಗಿಹಿಡಿಯುವ ರೆಗ್ಯುಲೇಷನ್ನನ್ನು ತಂದಾಗ, ತಾತಯ್ಯನವರೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ಅದಕ್ಕೆ ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಆಗ ದೋಣಿಯಲ್ಲಿ ಹೊಳೆಯನ್ನು ದಾಟಿದರೆ ಮಾತಿಗೆ ಬೇರೆ ಕಾನೂನು. ಈಗ ದಾಟುವುದಕ್ಕೆ ಹೊಳೆಯೂ ಇಲ್ಲ, ದೋಣಿಯೂ ಇಲ್ಲ. ಹರಿಹರದಲ್ಲಿ ಬರೆದುದು ಯಾವ ಸಮುದ್ರದಾಚೆಯ ಯಂತ್ರದಲ್ಲಿ ಉಳಿದಿರುವುದೋ ಬರೆದವನಿಗೆ ತಿಳಿಯದು.

ಉಪಾಧ್ಯಾಯರು ತಮ್ಮ ಸಂಕಟವನ್ನು ತೋಡಿಕೊಂಡರು. ಮುಸುಕಿನ ಮಾತಿನಿಂದ ಆಗಿರುವ ಅನಾಹುತಗಳನ್ನು ಒಂದೊಂದಾಗಿ ಎತ್ತಿದರು. 2012ರ ಆಗಸ್ಟಿನಲ್ಲಿ, ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆಯಾಗುವುದೆಂಬ ಗಾಳಿಸುದ್ದಿಯು ಮೊಬೈಲುಗಳಲ್ಲಿ ಹಬ್ಬಿ, ಸಾವಿರಾರು ಜನರು ಬೆಂಗಳೂರಿನ ರೈಲುನಿಲ್ದಾಣದಲ್ಲಿ ಕಿಕ್ಕಿರಿದು ಊರುಬಿಟ್ಟರಲ್ಲವೆ? ಸರ್ಕಾರವು ಒಂದು ನಂಬರಿನಿಂದ ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶಗಳು ಹೋಗಬಾರದೆಂದು ಕೆಲವು ದಿನ ಕಟ್ಟುಮಾಡಬೇಕಾಯಿತಲ್ಲವೆ? 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ಸುಳ್ಳುಸುದ್ದಿಯನ್ನು ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತಲ್ಲವೆ?

ಮೇಸ್ತ್ರಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮೇಷ್ಟ್ರೆ, ಆ ಸುದ್ದಿಗಳನ್ನು ಜನರಿಗೆ ಕಳಿಸಿದವರು ಯಾರು? ಅವರವರ ಅಣ್ಣ, ಅವರವರ ಮಾವ, ಪಕ್ಕದ ಮನೆಯವರು. ಹೆಸರು ಕಾಣುತ್ತಿತ್ತು, ನಂಬರು ಕಾಣುತ್ತಿತ್ತು. ಗುರುತಿನವರು ಕಳಿಸಿದರೆಂದೇ ನಂಬಿದರು. ಅಲ್ಲಿ ಮುಸುಕು ಎಲ್ಲಿತ್ತು?" ಎಂದರು.

ಇದಕ್ಕೆ ಉಪಾಧ್ಯಾಯರಲ್ಲಿ ಉತ್ತರವಿರಲಿಲ್ಲ. ಅವರು ಸಾಹಿತ್ಯದ ಕಡೆಗೆ ಸರಿದರು. ಮೂವತ್ತು ವರ್ಷ ವಚನಗಳನ್ನು ಪಾಠ ಹೇಳಿದವರಿಗೆ ಅಂಕಿತದ ನೆನಪು ಬಾರದಿದ್ದೀತೆ? ಬಸವಣ್ಣನವರ ಕೂಡಲಸಂಗಮದೇವ, ಅಲ್ಲಮನ ಗುಹೇಶ್ವರ, ಅಕ್ಕನ ಚೆನ್ನಮಲ್ಲಿಕಾರ್ಜುನ. ತಮ್ಮ ಹೆಸರಿನ ಸ್ಥಾನದಲ್ಲಿ ದೇವರ ಹೆಸರನ್ನಿಟ್ಟವರು ಅವರು. ಆದರೆ ಅದು ಅಡಗುವಿಕೆಯಲ್ಲ, ನಾನೆಂಬುದನ್ನು ಅಳಿಸುವಿಕೆ, ಎಂದು ಅವರು ತಾವೇ ತಿದ್ದಿಕೊಂಡರು. ಅದು ಸರಿಯಾದ ತಿದ್ದುಪಡಿ. ಅಂಕಿತ ಉಳಿದು ಹೆಸರು ಮಾತ್ರ ಕಳೆದುಹೋದ ವಚನಕಾರರೂ ಉಂಟೆಂಬುದು ಬೇರೆಯ ಮಾತು. ನಿಜವಾಗಿ ಅಡಗಿದವನೆಂದರೆ ಮುದ್ದಣ. ಉಡುಪಿಯಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸುತ್ತಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪನು ತಾನೇ ಬರೆದ ಕಾವ್ಯಗಳನ್ನು ಹಳೆಯ ಕವಿಯ ಕೃತಿಗಳೆಂಬಂತೆ ಮೈಸೂರಿನ ಮಾಸಪತ್ರಿಕೆಗೆ ಕಳುಹಿಸಿದನು. ಡ್ರಿಲ್ ಮೇಷ್ಟ್ರ ಕಾವ್ಯವನ್ನು ಯಾರು ಓದುವರೆಂಬ ಸಂಕೋಚವೇ ಇದಕ್ಕೆ ಕಾರಣವಾಗಿರಬೇಕು. 1901ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ ಮೇಲೆ ನಾಡಿಗೆ ನಿಜವು ತಿಳಿಯಿತು.

"ಹಾಗಾದರೆ ಹೆಸರನ್ನು ನೋಡದೆ ಇದ್ದುದರಿಂದ ಕಾವ್ಯವನ್ನು ಓದಿದರು ಎಂದಾಯಿತು" ಎಂದು ಮೇಸ್ತ್ರಿಗಳು ಹೊಳೆಯ ಕಡೆಗೆ ನೋಡಿಕೊಂಡು ಹೇಳಿದರು.

ತಮ್ಮ ಹೆಸರಿನಿಂದಲೇ ಬರೆದವರ ಗತಿಯನ್ನು ದಾವಣಗೆರೆಯವರು ಮರೆಯುವಂತಿಲ್ಲ. 2015ರ ಅಕ್ಟೋಬರಿನಲ್ಲಿ ಇದೇ ಊರಿನಲ್ಲಿ, 'ಒಡಲ ಕಿಚ್ಚು' ಎಂಬ ಪುಸ್ತಕವನ್ನು ಬರೆದು ಜಾತಿಪದ್ಧತಿಯನ್ನು ಟೀಕಿಸಿದ್ದ ದಲಿತ ಯುವಲೇಖಕ ಹುಚ್ಚಂಗಿ ಪ್ರಸಾದರನ್ನು, ತಾಯಿಗೆ ಕಾಯಿಲೆಯೆಂದು ಸುಳ್ಳು ಹೇಳಿ ವಿದ್ಯಾರ್ಥಿನಿಲಯದಿಂದ ಕರೆದುಕೊಂಡು ಹೋಗಿ ಹೊಡೆದರು. ಇನ್ನು ಬರೆಯದಂತೆ ಬೆರಳು ಕತ್ತರಿಸುವುದಾಗಿ ಬೆದರಿಸಿದರೆಂದು ಆತನು ಪೊಲೀಸರಿಗೆ ದೂರಿತ್ತನು. ಆತನು ಆಗ ಇಪ್ಪತ್ತರ ಹರೆಯದ ವಿದ್ಯಾರ್ಥಿ. ಧೈರ್ಯವಿದ್ದರೆ ಹೆಸರು ಹೇಳಲೆಂದು ಮಂಚದ ಮೇಲೆ ಕುಳಿತು ಮೊಬೈಲಿನಲ್ಲಿ ಒತ್ತುವವರು, ಹೆಸರು ಹೇಳಿದವನಿಗೆ ಕಾವಲಾಗಿ ನಿಲ್ಲುವುದಿಲ್ಲ.

ಆಗ ಮೇಸ್ತ್ರಿಗಳು ಹಿಂದೆಂದೂ ಹೇಳದಿದ್ದ ಸಂಗತಿಯೊಂದನ್ನು ಹೇಳಿದರು. ದೊಡ್ಡ ಕಾರ್ಖಾನೆಗೆ ಸೇರುವ ಮೊದಲು, ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ, ಅವರು ಬೇರೊಂದು ಊರಿನ ಸಣ್ಣ ವರ್ಕ್‌ಷಾಪೊಂದರಲ್ಲಿದ್ದರು. ಅಲ್ಲಿಯ ಪ್ರೆಸ್ಸಿಗೆ ಅಡ್ಡಗಾವಲಿರಲಿಲ್ಲ. ತಿರುಗುವ, ಒತ್ತುವ ಯಂತ್ರಭಾಗಗಳಿಗೆ ಭದ್ರವಾದ ಬೇಲಿಯಿರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 21ನೆಯ ಪ್ರಕರಣವು ವಿಧಿಸಿದ್ದಿತು. ಆದರೆ ಕಾಯಿದೆಯ ಪುಸ್ತಕವು ಮೇಜಿನ ಮೇಲೆ, ಹುಡುಗನ ಕೈ ಪ್ರೆಸ್ಸಿನ ಕೆಳಗೆ. ಒಂದು ಮಧ್ಯಾಹ್ನ ಹದಿನಾರರ ಹುಡುಗನೊಬ್ಬನ ಎರಡು ಬೆರಳುಗಳು ಹೋದುವು. ಮೇಸ್ತ್ರಿಗಳು ಎಡಗೈಯಿಂದ ಒಂದು ಮೂಗರ್ಜಿಯನ್ನು ಬರೆದು ಇನ್‌ಸ್ಪೆಕ್ಟರರಿಗೆ ಹಾಕಿದರು. ದೂರಿನ ಮೂಲವನ್ನು ತನಿಖಾಧಿಕಾರಿಯು ಸಂಪೂರ್ಣ ಗುಟ್ಟಾಗಿಡತಕ್ಕದ್ದೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1947ರಲ್ಲಿ ಒಂದು ಒಪ್ಪಂದವನ್ನು ಮಾಡಿ, ಭಾರತವು 1949ರಲ್ಲಿಯೇ ಅದಕ್ಕೆ ಸಮ್ಮತಿಯಿತ್ತಿದ್ದಿತು. ಇನ್‌ಸ್ಪೆಕ್ಟರರು ಬಂದುದೇನೋ ನಿಜ. ಆದರೆ ಆ ಕಾಗದವನ್ನೇ ಕೈಯಲ್ಲಿ ಹಿಡಿದುಕೊಂಡು ಬಂದರು. ಯಜಮಾನನು ಅದನ್ನು ನೋಡಿದನು. ಅಕ್ಷರವು ಎಡಗೈಯದಾದರೂ ಕಾಗುಣಿತವು ಬಲಗೈಯದೇ. ಇವರು 'ಯಂತ್ರ'ವನ್ನು ಯಾವಾಗಲೂ 'ಯೆಂತ್ರ'ವೆಂದೇ ಬರೆಯುವರು. ಮರುದಿನ ಕೆಲಸ ಹೋಯಿತು. ಎಂಟು ತಿಂಗಳು ಮನೆಯಲ್ಲಿ ಕುಳಿತರು. ಪ್ರೆಸ್ಸಿಗೆ ಮಾತ್ರ ಬೇಲಿ ಬಂದಿತು.

ಉಪಾಧ್ಯಾಯರು ಬಹಳ ಹೊತ್ತು ಮಾತನಾಡಲಿಲ್ಲ. ಮೂಗರ್ಜಿಯನ್ನು ಬರೆದವನ ಮುಖವನ್ನು ಅವರು ನಲವತ್ತು ವರ್ಷಗಳಿಂದ ಹುಡುಕುತ್ತಿದ್ದರು. ಅದು ತಮ್ಮ ಜೊತೆಯಲ್ಲಿ ಮಂಡಕ್ಕಿ ತಿನ್ನುತ್ತ ಕುಳಿತಿರುವುದೆಂದು ನೆನೆದಿರಲಿಲ್ಲ. ಆ ಮೂಗರ್ಜಿಯು ಬೇರೆ, ಈ ಮೂಗರ್ಜಿಯು ಬೇರೆ. ಒಂದು ಸುಳ್ಳು, ಒಂದು ನಿಜ. ಆದರೆ ಲಕೋಟೆಯನ್ನು ಒಡೆಯುವ ಮೊದಲು ಎರಡೂ ಒಂದೇ ತೆರನಾಗಿ ಕಾಣುವುವು. ಕಷ್ಟವಿರುವುದು ಇಲ್ಲಿ.

ಇದಾದ ಹತ್ತು ದಿನಕ್ಕೆ ಉಪಾಧ್ಯಾಯರ ಮನೆಗೆ ಒಬ್ಬ ಗೃಹಸ್ಥರು ಬಂದರು. ಬಹಳ ವರ್ಷಗಳ ಪರಿಚಯದವರು, ಊರಿನ ಸತ್ಕಾರ್ಯಗಳಲ್ಲಿ ಮುಂದಾಗಿರುವವರು. ಕಾಫಿಯಾದ ಮೇಲೆ, "ಆ ಕೊಕ್ಕರೆ ಯಾರು ಸಾರ್? ನಿಮ್ಮ ಹತ್ತಿರ ಪುಸ್ತಕವಿದೆಯಂತಲ್ಲ" ಎಂದರು. ಉಪಾಧ್ಯಾಯರಿಗೆ ಸುಳ್ಳು ಹೇಳಿ ರೂಢಿಯಿಲ್ಲ. "ಪುಸ್ತಕವಿದೆ. ಹೇಳುವುದಕ್ಕಾಗುವುದಿಲ್ಲ" ಎಂದರು. ಬಂದವರು ಬೇಸರಿಸಲಿಲ್ಲ. ಶಾಲೆಗಳ ಹೆಸರು ಕೆಡುತ್ತದೆ, ಮಕ್ಕಳ ಭವಿಷ್ಯವಿದೆ, ಎಂದು ಮೆಲ್ಲಗೆ ತಿಳಿಹೇಳಿದರು. ಇಂತಹ ಬರಹಕ್ಕೆ ಜೈಲು ಉಂಟೆಂದೂ ಸೂಚಿಸಿದರು. ಅವರ ಮನಸ್ಸಿನಲ್ಲಿದ್ದುದು ಪ್ರಾಯಶಃ ಮ ಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಪ್ರಕರಣ. ಅದನ್ನು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚಿ 24ರಂದು ಶ್ರೇಯಾ ಸಿಂಘಲ್ ಮೊಕದ್ದಮೆಯಲ್ಲಿ ರದ್ದುಮಾಡಿದೆ. ಮಾನಹಾನಿಯ ಕಾನೂನು ಇದ್ದೇ ಇದೆ. ಆದರೆ ಹೆಸರೇ ಇಲ್ಲದ ಶಾಲೆಗೆ ಮಾನಹಾನಿಯಾಗಬೇಕಾದರೆ, ಅದು ನಾನೇ ಎಂದು ಶಾಲೆಯು ಮೊದಲು ಒಪ್ಪಿಕೊಳ್ಳಬೇಕು. ಹೊರಡುವಾಗ ಬಾಗಿಲ ಬಳಿ ನಿಂತು ಅವರು ಒಂದು ಮಾತನ್ನು ಕೇಳಿದರು. "ನಾನು ಕೇಳಿದರೆ ಹೇಳುವುದಿಲ್ಲ, ಸರಿ. ನಾಳೆ ಬೇರೆಯವರು ಬಂದು ಕೇಳಿದರೆ?"

ಆ ಪ್ರಶ್ನೆಯು ಮನೆಯಲ್ಲಿಯೇ ಉಳಿಯಿತು.

ರಾತ್ರಿ ನಿದ್ರೆ ಬಾರದೆ ಅವರಿಗೆ 2004ರ ಚುನಾವಣೆಯು ನೆನಪಾಯಿತು. ಆಗ ಅವರು ಒಂದು ಮತಗಟ್ಟೆಯ ಅಧಿಕಾರಿ. ರಟ್ಟಿನ ಮರೆಯನ್ನು ತಮ್ಮ ಕೈಯಿಂದಲೇ ನಿಲ್ಲಿಸಿದ್ದರು. ಒಬ್ಬ ಹುಡುಗನು ಬಂದು, ತನಗೆ ಯಾರೂ ಬೇಡ, 49-ಓ ನಿಯಮದಂತೆ ಬರೆದುಕೊಳ್ಳಿರಿ ಎಂದನು. ನಿಯಮದಂತೆ ಅವರು ರಿಜಿಸ್ಟರಿನಲ್ಲಿ ಬರೆದು ಅವನ ರುಜುವನ್ನು ಪಡೆದರು. ಅಲ್ಲಿ ಕುಳಿತಿದ್ದ ಪಕ್ಷಗಳ ಏಜೆಂಟರೆಲ್ಲರೂ ಕತ್ತು ಚಾಚಿ ಅವನನ್ನು ನೋಡಿಕೊಂಡರು. ಮತ ಹಾಕಿದವನಿಗೆ ಮರೆಯಿದೆ, ಹಾಕಲೊಲ್ಲದವನಿಗೆ ಮರೆಯಿಲ್ಲ. 2013ರ ಸೆಪ್ಟೆಂಬರ್ 27ರಂದು ಸರ್ವೋಚ್ಚ ನ್ಯಾಯಾಲಯವು ಈ ನಿಯಮವು ಮತದ ಗುಟ್ಟನ್ನು ಮುರಿಯುವುದೆಂದು ತೆಗೆದುಹಾಕಿ, ಯಂತ್ರದಲ್ಲಿಯೇ 'ನೋಟಾ' ಗುಂಡಿಯನ್ನಿಡಬೇಕೆಂದು ವಿಧಿಸಿತು. ಅಂದು ಉಪಾಧ್ಯಾಯರು ಬರೆದುದರಲ್ಲಿ ಸುಳ್ಳೇನೂ ಇರಲಿಲ್ಲ. ರಿಜಿಸ್ಟರು ಇದ್ದುದೇ ಸಾಕಾಗಿತ್ತು.

ಪಟ್ಟಿಯು ಇರುವುದರಿಂದಲೇ ಕೇಡಾಗಬಹುದೆಂಬುದನ್ನು ಅಮೆರಿಕೆಯ ಜನರು ಸಾವಿರಾರು ಮೈಲಿಗಳ ಆಚೆಯಲ್ಲಿ ಹೀಗೆಯೇ ಕಂಡುಕೊಂಡಿದ್ದರು. ಕಪ್ಪುವರ್ಣೀಯರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಎಂಬ ಸಂಘವು ತನ್ನ ಸದಸ್ಯರ ಪಟ್ಟಿಯನ್ನು ಒಪ್ಪಿಸಬೇಕೆಂದು 1956ರಲ್ಲಿ ಅಲಬಾಮ ಸಂಸ್ಥಾನವು ಕೇಳಿತು. ಕೊಡಲಿಲ್ಲ, ಒಂದು ಲಕ್ಷ ಡಾಲರು ದಂಡ ಬಿದ್ದಿತು, ಆದರೂ ಕೊಡಲಿಲ್ಲ. ಪಟ್ಟಿಯಲ್ಲಿದ್ದವರ ಕೆಲಸ ಹೋಗುವುದು, ಮೈಮೇಲೆ ಕೈ ಬೀಳುವುದು, ಆಮೇಲೆ ಸಂಘಕ್ಕೆ ಯಾರೂ ಸೇರುವುದಿಲ್ಲ. 1958ರ ಜೂನ್ 30ರಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು ಸಂಘದ ಪರವಾಗಿ ತೀರ್ಪಿತ್ತಿತು. ಹೆಸರನ್ನು ಗುಟ್ಟಾಗಿಡುವುದು ಕೂಡಿ ಬಾಳುವ ಹಕ್ಕಿನ ಒಂದು ಭಾಗವೆಂಬುದು ಅದರ ತಿರುಳು. ಭಾರತದ ಸಂವಿಧಾನದ 19ನೆಯ ವಿಧಿಯಲ್ಲಿ ಮಾತನಾಡುವ ಹಕ್ಕು, ಸಂಘವನ್ನು ಕಟ್ಟುವ ಹಕ್ಕು ಒಂದೇ ಸಾಲಿನಲ್ಲಿವೆ. ಖಾಸಗಿತನವೂ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ 2017ರ ಆಗಸ್ಟ್ 24ರಂದು ಹೇಳಿದರು. ಆ ಮೊಕದ್ದಮೆಯನ್ನು ಹೂಡಿದ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಉಚ್ಚ ನ್ಯಾಯಾಲಯದಿಂದ ನಿವೃತ್ತರಾದ ನ್ಯಾಯಮೂರ್ತಿಗಳು, ಆಗ ತೊಂಬತ್ತು ದಾಟಿದವರು.

ಮರುದಿನ ಉಪಾಧ್ಯಾಯರು ಪುಸ್ತಕವನ್ನು ಕೈಚೀಲದಲ್ಲಿಟ್ಟುಕೊಂಡು ಹರಿಹರಕ್ಕೆ ಹೋದರು. ಮೇಸ್ತ್ರಿಗಳ ಮೊಮ್ಮಗನು ಮನೆಯಲ್ಲಿದ್ದನು, ಕಂಪ್ಯೂಟರ್ ಓದಿದವನು. ಅವನು ಎಲ್ಲವನ್ನೂ ಕೇಳಿ, "ಅಜ್ಜಾ, ಇದೊಂದೇ ಪುಸ್ತಕ ಅಂತ ತಿಳಿಯಬೇಡಿ" ಎಂದನು. ಸಿಮ್ ಕೊಳ್ಳುವಾಗ ಗುರುತಿನ ಚೀಟಿ ಕೊಟ್ಟಿರುತ್ತೇವೆ, ಅಲ್ಲೊಂದು ಪುಸ್ತಕ. ಕಾನೂನಿನಂತೆ ಅಧಿಕಾರಿಗಳು ಕೇಳಿದರೆ ಫೋನ್ ನಂಬರನ್ನು ಕೊಡುವುದಾಗಿ ಟೆಲಿಗ್ರಾಂ ಕಂಪನಿಯು 2024ರ ಸೆಪ್ಟೆಂಬರಿನಲ್ಲಿ ತಿಳಿಸಿತು, ಅಲ್ಲೊಂದು ಪುಸ್ತಕ. ಸಂದೇಶವನ್ನು ಮೊದಲು ಹುಟ್ಟಿಸಿದವನು ಯಾರೆಂದು ಕೇಳಿದಾಗ ತೋರಿಸುವ ಶಕ್ತಿಯನ್ನು ಇಟ್ಟುಕೊಂಡಿರಬೇಕೆಂದು ಸರ್ಕಾರವು 2021ರ ಫೆಬ್ರವರಿ 25ರ ನಿಯಮಗಳಲ್ಲಿ ವಿಧಿಸಿದಾಗ, ವಾಟ್ಸಾಪ್ ಕಂಪನಿಯು ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಅದರ ವಾದವಿಷ್ಟೆ: ಕಳುಹಿದವನ ಫೋನಿನಲ್ಲಿ ಬೀಗ ಬಿದ್ದು ಪಡೆದವನ ಫೋನಿನಲ್ಲಿ ತೆರೆಯುವ ಮಾತು ಅದು, ನಡುವಿನವನ ಬಳಿ ಬೀಗದ ಕೈಯಿಲ್ಲ. ಒಬ್ಬನನ್ನು ಹುಡುಕಬೇಕಾದೀತೆಂದು ಎಲ್ಲರ ಗುರುತನ್ನೂ ಮೊದಲೇ ಬರೆದಿಡಬೇಕಾಗುವುದು.

"ಕೆಂಪು ಗೆರೆ ಎಳೆದು" ಎಂದು ಮೇಸ್ತ್ರಿಗಳು ಸೇರಿಸಿದರು.

ಉಪಾಧ್ಯಾಯರು ನಗಲಿಲ್ಲ. "ಮೇಸ್ತ್ರಿ, ನಾಳೆ ಯಾರಾದರೂ ಕಾವ್ಯನಾಮದಲ್ಲಿ ಒಬ್ಬ ಅಮಾಯಕನ ಮೇಲೆ ಸುಳ್ಳು ಬರೆದರೆ? ಆ ಮನುಷ್ಯನ ತಾಯಿ ದಿನವೂ ಕೇಳಿದರೆ? ಅವನು ಯಾರ ಮನೆಯ ಬಾಗಿಲಿಗೆ ಹೋಗಬೇಕು?" ಎಂದರು. ಅವರ ಧ್ವನಿಯು ಸ್ವಲ್ಪ ನಡುಗಿತು. ಮೇಸ್ತ್ರಿಗಳಿಗೆ ಆ ತಾಯಿಯ ವಿಷಯವು ಗೊತ್ತಿತ್ತು. ಅವರು ಬಹಳ ಹೊತ್ತಿನ ಮೇಲೆ, "ನಿಮ್ಮ ಮನೆಯ ಬಾಗಿಲಿಗೆ ಬರಲಿ" ಎಂದರು.

ಹಳೆಯ ಪತ್ರಿಕೆಗಳ ಧರ್ಮವೂ ಇದೇ ಆಗಿತ್ತೆಂಬುದನ್ನು ಮೇಸ್ತ್ರಿಗಳು ಬಲ್ಲವರಲ್ಲ; ಉಪಾಧ್ಯಾಯರು ಬಲ್ಲರು. 1867ರ ಮುದ್ರಣದ ಕಾಯಿದೆಯು ಲೇಖಕನ ಹೆಸರನ್ನು ಕೇಳಲಿಲ್ಲ. ಮುದ್ರಕನ, ಪ್ರಕಾಶಕನ ಹೆಸರನ್ನು ಕೇಳಿತು. ಪತ್ರಿಕೆಯಾದರೆ ಪ್ರತಿಯೊಂದು ಸಂಚಿಕೆಯ ಮೇಲೂ ಸಂಪಾದಕನ ಹೆಸರಿರಬೇಕೆಂದು ಆಮೇಲೆ ಸೇರಿಸಲಾಯಿತು. ಒಬ್ಬ ವಾಚಕನೋ ಒಬ್ಬ ನೊಂದವಳೋ ಮರೆಯಲ್ಲಿ ನಿಂತು ಬರೆಯಬಹುದಾಗಿದ್ದುದು, ಮುಂದೆ ನಿಂತು ಉತ್ತರ ಹೇಳುವ ಒಬ್ಬನಿದ್ದುದರಿಂದ. ಆತನು ಓದಿ, ಬೆಲೆಕಟ್ಟಿ, ತನ್ನ ತಲೆಯ ಮೇಲೆ ಹೊತ್ತುಕೊಂಡು ಅಚ್ಚುಮಾಡುವನು. ಈ ಕೆಲಸವನ್ನು ಯಾರೂ ಮಾಡದಿರುವ ದೊಡ್ಡ ಬಯಲುಗಳು ಅಂತರಜಾಲದಲ್ಲಿ ಬಹಳವಿವೆ. ಅಲ್ಲಿ ಏನಾಗಬೇಕೆಂಬುದು ದಾವಣಗೆರೆಯ ನಿವೃತ್ತರೊಬ್ಬರಿಂದ ತೀರ್ಮಾನವಾಗತಕ್ಕದ್ದಲ್ಲ. ತಮ್ಮ ಕೂಟದ ಮಟ್ಟಿಗೆ ಅವರು ತೀರ್ಮಾನಿಸಿದರು.

ಮರುದಿನ ಬೆಳಗ್ಗೆ ನೀರೊಲೆಗೆ ತೆಂಗಿನ ಗರಿಯ ಜೊತೆಯಲ್ಲಿ ರೂಲು ಪುಸ್ತಕವೂ ಹೋಯಿತು. ರಟ್ಟು ಬೇಗ ಹತ್ತಿಕೊಳ್ಳದೆ ಹೊಗೆಯಾಡಿತೆಂದು ಮನೆಯಾಕೆಯು ಗೊಣಗಿದರು. ಸ್ನಾನ ಮುಗಿಸಿ ಬಂದು ಅವರು ಕೂಟದ ಮೊದಲ ಪುಟದಲ್ಲಿ ತಮ್ಮ ಪೂರ್ತಿ ಹೆಸರನ್ನೂ ಮನೆಯ ವಿಳಾಸವನ್ನೂ ಹಾಕಿದರು. ಇಲ್ಲಿ ಬರುವ ಪ್ರತಿಯೊಂದು ಬರಹಕ್ಕೂ ತಾವೇ ಹೊಣೆ. ಒಬ್ಬರ ಹೆಸರೆತ್ತಿ ಆರೋಪಿಸುವುದನ್ನು ಆಧಾರವಿಲ್ಲದೆ ಹಾಕುವುದಿಲ್ಲ. ಯಾರಿಗಾದರೂ ನೋವಾದರೆ ಸಂಜೆ ಐದರಿಂದ ಏಳರವರೆಗೆ ಮನೆಯಲ್ಲಿರುತ್ತೇವೆ, ಎಂದು ಬರೆದರು. ಮಗನು ಬೆಂಗಳೂರಿನಿಂದ ಫೋನ್ ಮಾಡಿ, "ಈ ವಯಸ್ಸಿನಲ್ಲಿ ಯಾಕಪ್ಪಾ?" ಎಂದನು. ಅದಕ್ಕೆ ಅವರು ಕೊಟ್ಟ ಉತ್ತರವು ಮನೆಯಾಕೆಗೂ ಕೇಳಿಸಲಿಲ್ಲ.

ಗೃಹಸ್ಥರು ಮತ್ತೊಮ್ಮೆ ಬಂದರು. ಪುಸ್ತಕವನ್ನು ಕೇಳಿದರು. "ಇಲ್ಲ" ಎಂದರು ಉಪಾಧ್ಯಾಯರು. ಈ ಸಲವೂ ಅವರು ಸುಳ್ಳು ಹೇಳಬೇಕಾಗಲಿಲ್ಲ. ಕೊಕ್ಕರೆಯ ಹೆಸರು ಅವರ ತಲೆಯಲ್ಲಿದ್ದುದು ನಿಜ. ಆದರೆ ಎಪ್ಪತ್ತು ದಾಟಿದವರ ತಲೆಯನ್ನು ಯಾರೂ ರಿಜಿಸ್ಟರೆಂದು ಹಿಡಿಯುವುದಿಲ್ಲ.

ಹನ್ನೊಂದು ಮಂದಿಯು ಒಂದು ಭಾನುವಾರ ಬೆಳಗ್ಗೆ ಕುಂದವಾಡ ಕೆರೆಯ ಏರಿಯ ಮೇಲೆ ಸೇರಿದರು. ಒಬ್ಬರು ಮತ್ತೊಬ್ಬರ ಮುಖವನ್ನು ಕಂಡುದು ಅದೇ ಮೊದಲು. ಇಬ್ಬರು ಒಂದೇ ಬೀದಿಯವರಾಗಿದ್ದರು. ಐದು ವರ್ಷಗಳಿಂದ ಒಂದೇ ಅಂಗಡಿಯಲ್ಲಿ ಹಾಲು ಕೊಳ್ಳುತ್ತಿದ್ದವರು. ಎಲ್ಲರೂ ರುಜು ಹಾಕಿದ ಒಂದು ಅರ್ಜಿಯನ್ನು ಕಾರ್ಮಿಕ ಇಲಾಖೆಗೆ ಕೊಡುವುದೆಂದು ಮಾತಾಯಿತು. ಏಳು ಮಂದಿ ಒಪ್ಪಿದರು, ನಾಲ್ವರು ಇನ್ನೂ ಸಮಯ ಕೇಳಿದರು. ಅವರನ್ನು ಯಾರೂ ಹೀಯಾಳಿಸಲಿಲ್ಲ.

ಅದೇ ವಾರ ಉಪಾಧ್ಯಾಯರಿಗೆ 'ಎಡಗೈ' ಎಂಬ ಹೊಸ ಕಾವ್ಯನಾಮದವರಿಂದ ಒಂದು ಬರಹವು ಬಂದಿತು. ಹದಿನಾರರ ಹುಡುಗನೊಬ್ಬ, ಬೇಲಿಯಿಲ್ಲದ ಒಂದು ಪ್ರೆಸ್ಸು, ಎರಡು ಬೆರಳು. ಮೂರನೆಯ ಸಾಲಿನಲ್ಲಿ 'ಯೆಂತ್ರ'ವೆಂದಿತ್ತು. ಹತ್ತನೆಯ ಸಾಲಿನಲ್ಲಿ ಪುನಃ ಇತ್ತು. ಉಪಾಧ್ಯಾಯರು ಕನ್ನಡಕವನ್ನು ಒರೆಸಿಕೊಂಡು ಎರಡನ್ನೂ ತಿದ್ದಿದರು. ಇನ್ನೆಲ್ಲಿಯಾದರೂ ಉಳಿದಿದೆಯೋ ಎಂದು ಮೊದಲಿನಿಂದ ಮತ್ತೊಮ್ಮೆ ಓದಿದರು. ಆಮೇಲೆ ಹಾಕಿದರು.